ಎಡಗೈ ನಿಮ್ಮದು, ಬಲಗೈ ನನ್ನದು

ಕಟಿಂಗ್ ಮಾವನ ಪ್ರಕಾರ ಈ ಲೋಕದಲ್ಲಿ ಇರುವುದು ಎರಡೇ ಔಷಧಿ. ಒಂದು, ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜುವ ಪಟಿಕದ ಕಲ್ಲು. ಇನ್ನೊಂದು, ಅದರ ಮೇಲೆ ತಟ್ಟುವ ಘಮಘಮಿಸುವ ಲೋಶನ್ನು. ಎರಡರ ಗುಣವೂ ಒಂದೇ, ಹಚ್ಚಿದರೆ ಚುರುಕ್ಕೆನ್ನಬೇಕು. "ಉರೀತಾ? ಉರಿದ್ರೆ ಹಿಡೀತು ಅಂತ ಅರ್ಥ," ಎಂದು ಕುರ್ಚಿಯಲ್ಲಿ ಕೂತವರ ಭುಜ ತಟ್ಟಿ ಕಳಿಸುತ್ತಿದ್ದರು. ಅವರಪ್ಪ ಹಾಗೆ ಹೇಳುತ್ತಿದ್ದರು, ಅಪ್ಪನ ಅಪ್ಪನೂ ಹಾಗೆಯೇ ಹೇಳಿರಬೇಕು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಕುರ್ಚಿ, ಎರಡು ಕನ್ನಡಿ, ಒಂದು ಸಿಂಕು, ಕಾಯುವವರಿಗೊಂದು ಬೆಂಚು, ಇಷ್ಟೇ ಅವರ ಸಲೂನು. ಒಂದು ಕುರ್ಚಿ ಮಾವನದು, ಇನ್ನೊಂದು ಮಗನದು.

ಊರಿನವರ ಕೆನ್ನೆಗೆಲ್ಲ ಮದ್ದು ಹಾಕಿದ ಆ ಕೈಗೇ ಈಗ ಕೇಡು ಬಂದಿತ್ತು.

ಶುರುವಾದದ್ದು ಎಡಗೈಯ ಉಂಗುರದ ಕೆಳಗೆ. ಸ್ವಲ್ಪ ತುರಿಕೆ, ಅಷ್ಟೇ. ಆಮೇಲೆ ಬೆರಳ ಸಂದಿಗೆ ಇಳಿಯಿತು. ಚರ್ಮ ಒಣಗಿ ಒರಟಾಯಿತು, ಕಪ್ಪುಗಟ್ಟಿತು, ಗೆಣ್ಣಿನ ಮೇಲೆ ಬಿರುಕು ಬಿಟ್ಟಿತು. ಬಲಗೈಗೂ ಹಬ್ಬಿತು. ಮಗ ಒಮ್ಮೆ ಇದು ಅಲರ್ಜಿ ಇರಬಹುದು ಎಂದ. ಅಲರ್ಜಿಯಾದರೆ ಕೆಂಪಗಾಗಬೇಕು, ನನ್ನದು ಕಪ್ಪಗಾಗಿದೆ ಎಂದು ಮಾವ ವಾದ ಹೂಡಿದರು. ನಮ್ಮಂಥ ಕಂದು ಬಣ್ಣದವರಿಗೆ ಇಂಥ ಉರಿಯೂತ ಕೆಂಪಗೆ ಕಾಣದೆ ಕಪ್ಪಗೆ, ಬೂದಿ ಬಣ್ಣಕ್ಕೆ ಕಾಣಬಹುದು ಎನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ.

ಮಾವನ ಚಿಕಿತ್ಸೆ ಸರಳ. ಪ್ರತಿ ಗಿರಾಕಿ ಎದ್ದುಹೋದ ಮೇಲೆ ಬಿಸಿನೀರಲ್ಲಿ ಕೈ ತೊಳೆದು, ಪಟಿಕ ಉಜ್ಜಿ, ಮೇಲೆ ಲೋಶನ್ನು ಸುರಿದುಕೊಳ್ಳುವುದು. ಉರಿ ನೆತ್ತಿಗೇರುತ್ತಿತ್ತು. ಕಣ್ಣಲ್ಲಿ ನೀರು ಬಂದರೂ ಮುಖದಲ್ಲಿ ತೃಪ್ತಿ. ಇಷ್ಟು ಉರಿಯುತ್ತಿದೆ ಎಂದರೆ ಒಳಗಿನ ಕಾಯಿಲೆ ಸಾಯುತ್ತಿದೆ ಎಂದೇ ಅವರ ಲೆಕ್ಕ. ಹೀಗೆ ದಿನವಿಡೀ ಗಾಯದ ಮೇಲೆ ಬರೆ ಎಳೆದುಕೊಂಡು, ರಾತ್ರಿ ಕೈ ಯಾಕೆ ಮಲಗಲು ಬಿಡುವುದಿಲ್ಲ ಎಂದು ಕೇಳುತ್ತಿದ್ದರು.

ಮೆಡಿಕಲ್ ಶಾಪಿನವನು ಡಾಕ್ಟರ ಚೀಟಿ ಇಲ್ಲದೆಯೇ ಒಂದು ಟ್ಯೂಬು ಕೊಟ್ಟ. ಹಚ್ಚಿದಾಗ ಮಾಯವಾಗಿ, ಬಿಟ್ಟಾಗ ಎರಡರಷ್ಟಾಗಿ ಬಂತು. ಮಗ ರಬ್ಬರ್ ಗವಸು ತಂದ. ಅದನ್ನು ಹಾಕಿಕೊಂಡು ಬೆವರಿ, ಬೆವರಿದ ಕೈಯಲ್ಲೇ ದಿನ ಕಳೆದು, ಸಂಜೆ ಬಿಚ್ಚಿದಾಗ ಚರ್ಮ ನೆನೆದ ಕಾಗದದಂತೆ ಸುಕ್ಕಾಗಿತ್ತು.

ಬೆಂಚಿನ ಮೇಲಿನವರು ನೋಡತೊಡಗಿದರು. ಮಾವನ ಕುರ್ಚಿ ಖಾಲಿ ಇದ್ದರೂ "ಪರವಾಗಿಲ್ಲ, ಚಿಕ್ಕವರು ಮುಗಿಸಲಿ" ಎಂದು ಪೇಪರು ಮುಖಕ್ಕೆ ಹಿಡಿದು ಕೂರುತ್ತಿದ್ದರು.

ಅದನ್ನೂ ಮಾವ ನುಂಗಿಕೊಳ್ಳುತ್ತಿದ್ದರೇನೋ. ನುಂಗಲಾಗದ ಮಾತು ಮನೆಯಲ್ಲಿ ಬಂತು. ಮೊಮ್ಮಗಳು ಪುಟ್ಟಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಂಗಡಿಯಿಂದ ಬಂದ ಕೂಡಲೇ ಅವಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಲ್ಲುವುದು ಮಾವನ ದಿನದ ಸಂಬಳ. ಆ ಮಗುವಿನ ಕೆನ್ನೆ ಒರಟಾಯಿತು, ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ಕಜ್ಜಿಯಂತೆ ಎದ್ದಿತು. ಕೆರೆದುಕೊಂಡು ಅಳುತ್ತಿತ್ತು. ಸೊಸೆ ಒಳ್ಳೆಯವಳು, ಮಾವನಿಗೆ ಎದುರು ಮಾತಾಡಿದವಳಲ್ಲ. ಒಂದು ಸಂಜೆ ಮಗುವನ್ನು ಎದೆಗವಚಿಕೊಂಡು, ನೆಲ ನೋಡುತ್ತಾ ಹೇಳಿದಳು.

"ಮಾವ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕೈ ವಾಸಿಯಾಗೋ ತನಕ ಮಗೂನ ಮುಟ್ಟಬೇಡಿ."

ಮಾವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡರು. ಅಂದಿನಿಂದ ಮನೆಯೊಳಗೆ ಹಾಗೆಯೇ ಓಡಾಡುತ್ತಿದ್ದರು. ಪುಟ್ಟಿ ತೊಡೆ ಹತ್ತಲು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ತನ್ನ ಕೈಯೇ ಕೂಸಿಗೆ ಕಾಯಿಲೆ ಕೊಟ್ಟಿತು ಎಂದು ಅವರಿಗೂ ಅನ್ನಿಸಿಬಿಟ್ಟಿತ್ತು. ಆ ನೋವಿನ ಮುಂದೆ ಪಟಿಕದ ಉರಿ ಏನೂ ಅಲ್ಲ.

ಹೀಗಿರುವಾಗ ಆರೋಗ್ಯ ಕೇಂದ್ರದ ನರ್ಸಮ್ಮ ತಮ್ಮ ವಯಸ್ಸಾದ ತಂದೆಯನ್ನು ಗಡ್ಡ ಮಾಡಿಸಲು ಕರೆತಂದರು. ಮಗ ಊಟಕ್ಕೆ ಹೋಗಿದ್ದ. ಮುದುಕರು ಕಣ್ಣು ಸರಿಯಾಗಿ ಕಾಣದವರು, ನಿಶ್ಚಿಂತೆಯಿಂದ ಮಾವನ ಕುರ್ಚಿಯಲ್ಲೇ ಕೂತರು. ಕೆಲಸ ಮುಗಿದ ಮೇಲೆ ಮಾವ ಸಿಂಕಿನ ಕಡೆ ತಿರುಗಿ, ಪಟಿಕ ಉಜ್ಜಿ, ಲೋಶನ್ನು ಸುರಿದುಕೊಂಡು, ಹಲ್ಲು ಕಚ್ಚಿ ನಿಂತದ್ದನ್ನು ನರ್ಸಮ್ಮ ಕನ್ನಡಿಯಲ್ಲಿ ನೋಡಿದರು.

"ಮಾವ, ಕೈ ತೋರ್ಸಿ."

"ಏನಿಲ್ಲ ತಾಯಿ, ಸೋಪಿನ ನೊರೆ."

"ನೊರೆ ನಾನೂ ನೋಡಿದೀನಿ. ತೋರ್ಸಿ."

ಟ್ಯೂಬ್‌ಲೈಟಿನ ಕೆಳಗೆ ಒಂದೊಂದೇ ಬೆರಳು ಬಿಡಿಸಿ ನೋಡಿದರು. ಕೈ ಹಿಡಿಯಲು ಹಿಂಜರಿಯಲಿಲ್ಲ ಎನ್ನುವುದನ್ನು ಮಾವ ಗಮನಿಸಿದರು. ಬೆಂಚಿನವರಿಗೆ ಕೇಳಿಸದ ಹಾಗೆ ಮಾವ ಮೊದಲು ಕೇಳಿದ್ದು ಒಂದೇ ಮಾತು.

"ಅಂಟುತ್ತಾ?"

"ಇಲ್ಲ ಮಾವ. ಇದು ಇಸುಬು. ಡಾಕ್ಟರು ಡರ್ಮಟೈಟಿಸ್ ಅಂತಾರೆ. ಕೈ ಕುಲುಕಿದ್ರೆ ಅಂಟಲ್ಲ, ಒಂದೇ ಟವೆಲ್ಲಲ್ಲಿ ಒರೆಸ್ಕೊಂಡ್ರೂ ಅಂಟಲ್ಲ."

"ಮಗು ಎತ್ಕೊಂಡ್ರೆ?"

"ಎತ್ಕೊಂಡ್ರೂ ಅಂಟಲ್ಲ."

ಮಾವ ನಂಬಲಿಲ್ಲ. ಹಾಗಿದ್ದರೆ ಮಗುವಿಗೆ ಬಂದದ್ದೇನು ಆಕಾಶದಿಂದಲೇ ಎಂದು ಕೇಳಿದರು. ಅದನ್ನು ಡಾಕ್ಟರೇ ನೋಡಿ ಹೇಳಲಿ, ಮಗುವನ್ನೂ ಕರೆದುಕೊಂಡು ಬನ್ನಿ ಎಂದರು ನರ್ಸಮ್ಮ. ಆಮೇಲೆ ಕೈಯ ವಿಷಯಕ್ಕೆ ಬಂದರು. ಚರ್ಮಕ್ಕೆ ತನ್ನದೇ ಒಂದು ಜಿಡ್ಡಿದೆ, ಅದು ಗೋಡೆಗೆ ಗಾರೆ ಇದ್ದ ಹಾಗೆ. ದಿನವಿಡೀ ನೀರು, ಸೋಪು, ಶಾಂಪೂ ಬಿದ್ದು ಆ ಗಾರೆ ಉದುರಿದೆ. ಅದರ ಮೇಲೆ ಬಿಸಿನೀರು, ಪಟಿಕ, ಲೋಶನ್ನು. ಕೂದಲ ಬಣ್ಣ, ರಬ್ಬರು ಕೂಡ ಕೆಲವರ ಮೈಗೆ ಒಗ್ಗುವುದಿಲ್ಲ. ಗಾರೆ ಮತ್ತೆ ಕಟ್ಟಬೇಕೆಂದರೆ ಉರಿಸುವುದನ್ನು ನಿಲ್ಲಿಸಿ ಜಿಡ್ಡು ಹಚ್ಚಬೇಕು.

"ಮುಳ್ಳನ್ನ ಮುಳ್ಳಿಂದ್ಲೇ ತೆಗೀಬೇಕು ತಾಯಿ," ಎಂದರು ಮಾವ. "ಉರಿಯದೇ ಇರೋ ಔಷಧಿ ಒಂದು ಔಷಧಿನಾ?"

"ಇಷ್ಟು ದಿನ ಉರಿದದ್ದಕ್ಕೆ ವಾಸಿಯಾಯ್ತಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ ಮಾವ. ಎರಡೂ ಕೈ ಚಾಚಿ ಒಂದು ಪಂದ್ಯ ಮುಂದಿಟ್ಟರು.

"ಹಾಗಾದ್ರೆ ಹೀಗೆ ಮಾಡೋಣ. ಎಡಗೈ ನಿಮ್ಮದು, ಬಲಗೈ ನನ್ನದು. ಯಾವ್ದು ಮೊದ್ಲು ವಾಸಿಯಾಗುತ್ತೋ ನೋಡೇ ಬಿಡೋಣ."

ಹೆಚ್ಚು ಹಾಳಾಗಿದ್ದದ್ದು ಎಡಗೈ. ನೊರೆ ಹಚ್ಚುವುದು, ಒದ್ದೆ ಕೂದಲು ಹಿಡಿಯುವುದು ಎಲ್ಲ ಅದರದೇ ಪಾಲು. ಹಾಳಾದ ಕೈಯನ್ನೇ ಎದುರಾಳಿಗೆ ದಾಟಿಸಿ ಮಾವ ಒಳಗೊಳಗೇ ನಕ್ಕರು. ನರ್ಸಮ್ಮನೂ ನಕ್ಕರು. ತಮಗೆ ಎರಡೂ ಕೈ ಬೇಕು, ಒಂದನ್ನೇ ಕೊಡುವುದಾದರೆ ಸದ್ಯಕ್ಕೆ ಒಂದು, ಆದರೆ ಮೊದಲು ಡಾಕ್ಟರ ಬಳಿ ಬರಲೇಬೇಕು ಎಂದರು.

ಮರುದಿನ ಆರೋಗ್ಯ ಕೇಂದ್ರಕ್ಕೆ ಮನೆಮಂದಿಯೆಲ್ಲ ಹೊರಟರು. ಮುಂದೆ ಮಗುವನ್ನೆತ್ತಿಕೊಂಡ ಸೊಸೆ, ಪಕ್ಕದಲ್ಲಿ ಬೀದಿಯವರೆಲ್ಲ ಅತ್ತೆ ಎನ್ನುವ ಮಾವನ ಹೆಂಡತಿ, ಹಿಂದೆ ಕೈ ಕಟ್ಟಿಕೊಂಡ ಮಾವ. ಡಾಕ್ಟರು ಪುಟ್ಟಿಯ ತೋಳು ಮಡಚಿ ಬಿಡಿಸಿ ನೋಡಿದರು. ನಿಮ್ಮ ಮನೆಯಲ್ಲಿ ಉಬ್ಬಸ, ಸೀನು, ಚಿಕ್ಕಂದಿನಲ್ಲಿ ಮೈ ತುರಿಕೆ ಯಾರಿಗಾದರೂ ಇತ್ತೇ ಎಂದು ಕೇಳಿದರು. ಮಾವ ಇಲ್ಲವೆಂದು ತಲೆಯಾಡಿಸುವಷ್ಟರಲ್ಲಿ ಅತ್ತೆ ಬಾಯಿ ಹಾಕಿದರು.

"ಇತ್ತು ಡಾಕ್ಟ್ರೇ. ನಮ್ಮತ್ತೆ ಹೇಳ್ತಿದ್ರು, ಇವರು ಕೂಸಾಗಿದ್ದಾಗ ಮೊಣಕೈ ಕೆರ್ಕೊಂಡು ರಕ್ತ ಬರಿಸ್ಕೊಳ್ತಿದ್ರಂತೆ. ಕೈಗೆ ಬಟ್ಟೆ ಸುತ್ತಿ ಮಲಗಿಸ್ತಿದ್ರಂತೆ."

ಮಾವನಿಗೆ ಅದು ಮರೆತೇ ಹೋಗಿತ್ತು. ಡಾಕ್ಟರು ಮಗುವಿನ ತೋಳನ್ನೂ ಮಾವನ ಕೈಯನ್ನೂ ಅಕ್ಕಪಕ್ಕ ಹಿಡಿದರು.

"ಇವಳಿಗೆ ನಿಮ್ಮ ಕೈಯಿಂದ ಏನೂ ಅಂಟಿಲ್ಲ. ಚರ್ಮ ಬೇಗ ಒಣಗೋ ಗುಣ ಕೆಲವು ಮನೆತನದಲ್ಲಿ ಇರುತ್ತೆ, ನಿಮ್ಮಿಂದ ಬಂದಿರೋದು ಅದೇ. ಮುಟ್ಟಿದ್ದಕ್ಕೆ ಬಂದದ್ದಲ್ಲ. ಅಂಥ ಚರ್ಮದವರು ದಿನವಿಡೀ ನೀರಲ್ಲಿ ಕೆಲಸ ಮಾಡಿದ್ರೆ ಕೈಗೂ ಹೀಗಾಗುತ್ತೆ."

ಮಾವನಿಗೆ ಅಳು ಬಂತು. ತಡೆದುಕೊಳ್ಳಲು ಹೋಗಲಿಲ್ಲ. ಸೊಸೆಯ ಕಣ್ಣೂ ತುಂಬಿತು, ಅಲ್ಲೇ ಮಗುವನ್ನು ಅವರ ಕಡೆ ಚಾಚಿದಳು. ಮಾವ ತೆಗೆದುಕೊಳ್ಳಲಿಲ್ಲ. "ಈ ಗರಗಸದಂಥ ಕೈಲಿ ಬೇಡಮ್ಮ. ಕೈ ನೆಟ್ಟಗಾಗಲಿ, ಆಮೇಲೆ ಎತ್ಕೋತೀನಿ," ಎಂದರು. ಹೇಳಿದ ಮೇಲೆ ಅದು ಶಪಥವಾಗಿಬಿಟ್ಟಿತು.

ಡಾಕ್ಟರು ಆ ಮೆಡಿಕಲ್ ಶಾಪಿನ ಟ್ಯೂಬನ್ನು ಬೆಳಕಿಗೆ ಹಿಡಿದು ಓದಿ ಮುಖ ಸಿಂಡರಿಸಿದರು. ಅದರಲ್ಲಿ ಜೋರಾದ ಸ್ಟೀರಾಯ್ಡ್ ಬೆರೆಸಿದ್ದಾರೆ, ಕೇಳದೆ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ ಎಂದರು. ಹುಳುಕಡ್ಡಿ ಇದ್ದವರು ಇಸುಬೆಂದುಕೊಂಡು ಅದನ್ನು ಹಚ್ಚಿದರೆ ಹುಳುಕಡ್ಡಿ ಮೈತುಂಬ ಹರಡುತ್ತದಂತೆ. ಹುಳುಕಡ್ಡಿ ಸಾಮಾನ್ಯವಾಗಿ ಉಂಗುರದ ಹಾಗೆ ಅಂಚು ಕಟ್ಟಿ ಬೆಳೆಯುತ್ತದೆ, ಅದು ಅಂಟುತ್ತದೆ. ಕಣ್ಣಳತೆಯಲ್ಲಿ ನೀವೇ ತೀರ್ಮಾನಿಸಬೇಡಿ, ತೋರಿಸಿ ಎಂದರು. ಮಾವನ ಕೈಗೆ ಬೇರೆ ಮುಲಾಮು ಬರೆದು, ಎಷ್ಟು ದಿನ, ಎಷ್ಟು ತೆಳ್ಳಗೆ ಹಚ್ಚಬೇಕೆಂದು ಅತ್ತೆಗೆ ಬಿಡಿಸಿ ಹೇಳಿದರು. ಮಾವನಿಗೆ ಹೇಳಿ ಪ್ರಯೋಜನವಿಲ್ಲ ಎಂದು ನರ್ಸಮ್ಮ ಮೊದಲೇ ಕಿವಿಯಲ್ಲಿ ಊದಿದ್ದರು.

ಎಡಗೈಗೆ ಅತ್ತೆಯೇ ಕಾವಲು ನಿಂತರು. ಮೊದಲ ಕೆಲಸ, ಉಂಗುರ ಕಳಚಿದ್ದು. ಅದರ ಕೆಳಗೆ ಸೋಪು ಕೂತು ಚರ್ಮ ತಿನ್ನುತ್ತದೆ ಎಂದು ನರ್ಸಮ್ಮ ಹೇಳಿದ್ದರು. ಮದುವೆಯ ದಿನ ಹಾಕಿಕೊಂಡ ಉಂಗುರ, ಬರುವುದಿಲ್ಲವೆಂದು ಹಟ ಹಿಡಿದಿತ್ತು. "ಉಂಗುರ ಡಬ್ಬೀಲಿರುತ್ತೆ, ನಾನಂತೂ ಎಲ್ಲಿಗೂ ಹೋಗಲ್ಲ," ಎಂದು ಅತ್ತೆ ಎಣ್ಣೆ ಹಚ್ಚಿ ಎಳೆದೇ ಎಳೆದರು. ಕೈ ತೊಳೆಯಲು ಬಿಸಿನೀರು ಹೋಗಿ ಉಗುರುಬೆಚ್ಚಗಿನ ನೀರು ಬಂತು, ಘಾಟು ಸೋಪು ಹೋಗಿ ವಾಸನೆಯಿಲ್ಲದ ಮೃದು ಸೋಪು ಬಂತು. ತೊಳೆದ ಮೇಲೆ ಉಜ್ಜದೆ, ಬಟ್ಟೆಯಲ್ಲಿ ಒತ್ತಿ, ಬೆರಳ ಸಂದಿಯನ್ನೂ ಬಿಡದೆ ಒರೆಸಿ, ತೇವ ಆರುವ ಮುಂಚೆ ಪೆಟ್ರೋಲಿಯಂ ಜೆಲ್ಲಿ. ಪ್ರತಿ ಸಲ ತೊಳೆದಾಗಲೂ ಜೆಲ್ಲಿ, ಮಲಗುವಾಗ ಇನ್ನಷ್ಟು ದಪ್ಪಗೆ. ಶಾಂಪೂ, ಬಣ್ಣದ ಕೆಲಸಕ್ಕೆ ಒಳಗೆ ತೆಳು ಹತ್ತಿಯ ಗವಸು, ಮೇಲೆ ರಬ್ಬರಲ್ಲದ ವಿನೈಲ್ ಗವಸು. ಕೆಲಸ ಮುಗಿದ ಕೂಡಲೇ ಬಿಚ್ಚಬೇಕು, ಒಳಗೆ ಒದ್ದೆಯಾದರೆ ಬದಲಿಸಬೇಕು.

ಒಂದೇ ಕೈಗೆ ಗವಸು ತೊಟ್ಟ ಮಾವನನ್ನು ನೋಡಿ ಬೆಂಚು ಬಿದ್ದು ಬಿದ್ದು ನಕ್ಕಿತು. ಮಾವ ಯಾರಿಗೂ ಜಗ್ಗಲಿಲ್ಲ. ಬಲಗೈಗೆ ಪಟಿಕ, ಲೋಶನ್ನು ಮೊದಲಿಗಿಂತ ಜೋರಾಗಿ ನಡೆಯಿತು. ಮುಲಾಮನ್ನು ಆ ಕೈಗೆ ತಾಗಿಸಲೂ ಬಿಡಲಿಲ್ಲ. ಕೆಲವು ದಿನ ಕಳೆಯಿತು. ಎಡಗೈಯ ತುರಿಕೆ ತಗ್ಗಿತು, ಬಿರುಕು ಕೂಡಿಕೊಳ್ಳತೊಡಗಿತು. ಮಾವ ಅದನ್ನು ನೋಡಿಯೂ ನೋಡದ ಹಾಗಿದ್ದರು. ಬಲಗೈ ತಡವಾಗಿ ಗೆಲ್ಲುತ್ತದೆ ಎಂದು ಹೆಂಡತಿಗೆ ಹೇಳಿದರು.

ಬಲಗೈ ಸೋತದ್ದು ವ್ಯಾನ್ ಡ್ರೈವರ್ ಕುರ್ಚಿಯಲ್ಲಿ ಕೂತ ದಿನ. ಅವನು ಮಾವನ ಹಳೆಯ ಗಿರಾಕಿ, ಬೇರೆಯವರೆಲ್ಲ ಹಿಂದೆ ಸರಿದಾಗಲೂ ಮಾವನ ಕುರ್ಚಿ ಬಿಡದವನು. ಗದ್ದದ ಕೆಳಗೆ ರೇಜರ್ ಇಳಿಯುತ್ತಿದ್ದಾಗ ಮಾವನ ಹೆಬ್ಬೆರಳಿನ ಬಿರುಕು ಬಾಯಿ ತೆರೆಯಿತು. ಬೆರಳು ಸೆಟೆಯಿತು, ರೇಜರ್ ಜಾರಿತು. ಡ್ರೈವರನ ಗದ್ದದಲ್ಲಿ ರಕ್ತ ಸಣ್ಣಗೆ ಗೆರೆ ಎಳೆಯಿತು. ಕೈಗೆ ಕತ್ತರಿ ಬಂದಂದಿನಿಂದ ಮಾವ ಗಿರಾಕಿಯನ್ನು ಹೀಗೆ ಕೊಯ್ದವರಲ್ಲ. ಅಭ್ಯಾಸಬಲದಿಂದ ಪಟಿಕದ ಕಡೆ ಕೈ ಹೋಯಿತು, ಹೋದ ಕೈಯಲ್ಲೂ ರಕ್ತ. ಮಾವ ಎರಡು ಹೆಜ್ಜೆ ಹಿಂದೆ ಸರಿದು ಮಗನನ್ನು ಕರೆದರು.

"ಇವನ ಗಾಯ ತೊಳೆದು ಔಷಧಿ ಹಾಕು. ಆ ರೇಜರ್ ಬ್ಲೇಡು ಎಸಿ. ನನ್ನ ಕೈ ಇವತ್ತಿಂದ ಯಾರ ಮುಖಾನೂ ಮುಟ್ಟಲ್ಲ, ವಾಸಿಯಾಗೋ ತನಕ."

ನೇರ ಮನೆಗೆ ಹೋಗಿ ಅತ್ತೆಯ ಮುಂದೆ ಬಲಗೈ ಚಾಚಿದರು. "ಇದನ್ನೂ ತಗೋ," ಎಂದರು. ಅತ್ತೆ ಏನೂ ಆಡಿಕೊಳ್ಳಲಿಲ್ಲ, ನೀರು ತಂದರು. ನಗುವುದಕ್ಕೆ ಮುಂದೆ ಬೇಕಾದಷ್ಟು ಕಾಲವಿದೆ ಎಂದು ಅವರಿಗೆ ಗೊತ್ತಿತ್ತು. ಸಂಜೆ ನರ್ಸಮ್ಮನಿಗೆ ಸುದ್ದಿ ಹೋಯಿತು, ಡಾಕ್ಟರಿಗೆ ಬಲಗೈಯನ್ನೂ ತೋರಿಸಿ ಬಂದದ್ದಾಯಿತು.

ಅಲ್ಲಿಂದ ಮಾವ ತಮ್ಮ ಹಟವನ್ನೆಲ್ಲ ಈ ಕಡೆ ತಿರುಗಿಸಿದರು. ಹಟಮಾರಿಗಳನ್ನು ಸರಿದಾರಿಗೆ ತರುವುದು ಕಷ್ಟ, ತಂದ ಮೇಲೆ ಅವರಷ್ಟು ಗಟ್ಟಿಯಾಗಿ ನಡೆಯುವವರು ಬೇರೆ ಇಲ್ಲ. ಗಡ್ಡದ ಕೆಲಸವೆಲ್ಲ ಮಗನಿಗೆ ಬಿಟ್ಟು ತಾವು ಗಲ್ಲಾಪೆಟ್ಟಿಗೆಯ ಮುಂದೆ ಕೂತರು. ಕೈ ಕೆರೆಯಬೇಕೆನ್ನಿಸಿದರೆ ಮುಷ್ಟಿ ಬಿಗಿದು, ತಣ್ಣನೆಯ ಒದ್ದೆ ಬಟ್ಟೆ ಒತ್ತಿ ಹಿಡಿಯುತ್ತಿದ್ದರು. ಸ್ವಲ್ಪ ಚೇತರಿಸಿದ ಕೂಡಲೇ ಜೆಲ್ಲಿ ಬಿಡುವುದು ಎಲ್ಲರೂ ಮಾಡುವ ತಪ್ಪು ಎಂದು ನರ್ಸಮ್ಮ ಎಚ್ಚರಿಸಿದ್ದರಿಂದ, ವಾಸಿಯಾದ ಮೇಲೂ ಡಬ್ಬಿ ಜೇಬು ಬಿಟ್ಟು ಇಳಿಯಲಿಲ್ಲ. ಇದು ಬುಡಸಮೇತ ಕಿತ್ತು ಎಸೆಯುವ ಕಾಯಿಲೆಯಲ್ಲ, ಅಂಕೆಯಲ್ಲಿಟ್ಟುಕೊಂಡು ಬಾಳುವ ಕಾಯಿಲೆ ಎನ್ನುವುದು ಅವರಿಗೆ ಅರ್ಥವಾಗಿತ್ತು.

ಮಾವ ಮತ್ತೆ ಕುರ್ಚಿಯ ಪಕ್ಕ ನಿಂತ ದಿನ ಡ್ರೈವರನೇ ಮೊದಲು ಬಂದು ಕೂತ. ಮಗಳ ಊರಿಗೆ ಹೊರಟಿದ್ದೇನೆ, ತಲೆಗೆ ಬಣ್ಣ ಹಾಕಿ ಎಂದ. ಮಾವ ಹಾಕಲಿಲ್ಲ. ಬಣ್ಣದ ಡಬ್ಬಿಯ ಮೇಲೆ ಬರೆದಿರುವಂತೆ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ, ಎರಡು ದಿನ ಬಿಟ್ಟು ಬಾ ಎಂದರು. ಇಷ್ಟು ವರ್ಷ ಹಾಕಿಸಿಕೊಂಡಿದ್ದೇನೆ, ಈಗೇನು ಹೊಸ ಶಾಸ್ತ್ರ ಎಂದು ಡ್ರೈವರ್ ಗೊಣಗಿದ. ಇಷ್ಟು ವರ್ಷ ಒಗ್ಗಿದ್ದೂ ಒಂದು ದಿನ ಒಗ್ಗದೇ ಹೋಗುತ್ತದೆ ಎಂದು ಮಾವ ಗದರಿದರು. ಎರಡನೆಯ ದಿನ ಅವನು ಕಿವಿ ಹಿಡಿದುಕೊಂಡೇ ಬಂದ. ಚುಕ್ಕೆ ಇಟ್ಟಲ್ಲಿ ಊದಿ, ಸಣ್ಣ ಗುಳ್ಳೆ ಎದ್ದು ತುರಿಸುತ್ತಿತ್ತು. ಮಾವ ಅವನನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಿದರು. ಇದೇ ತಲೆತುಂಬ ಹಾಕಿದ್ದರೆ ಮುಖ ಊದಿ ಕಣ್ಣು ಮುಚ್ಚಿಹೋಗುತ್ತಿತ್ತು, ಇನ್ನು ಜನ್ಮದಲ್ಲಿ ಆ ಬಣ್ಣದ ಸಹವಾಸ ಬೇಡ ಎಂದರು ಡಾಕ್ಟರು.

"ಹುಬ್ಬಲ್ಲಿ, ಮೂಗಿನ ಪಕ್ಕ ಉದುರ್ತಿದ್ಯಲ್ಲ ಹೊಟ್ಟು, ಅದಕ್ಕೆ ಎಣ್ಣೆ ಹಾಕೋದು ಬಿಡು," ಎಂದು ಮಾವ, ಅವನು ಅಂಗಡಿಗೆ ಮರಳಿದಾಗ, ಕನ್ನಡಿಯಲ್ಲಿ ತೋರಿಸಿದರು. "ಅದೂ ನನ್ನ ಕಾಯಿಲೆಯ ದಾಯಾದಿನೇ. ಡಾಕ್ಟರ್ ಹೇಳೋ ಔಷಧಿ ಶಾಂಪೂ ಹಾಕಿ ಐದು ನಿಮಿಷ ಬಿಟ್ಟು ತೊಳಿ."

"ಅಂಟುತ್ತಾ ಮಾವ?" ಎಂದ ಡ್ರೈವರ್, ಮೆಲ್ಲಗೆ.

"ಇಲ್ಲ," ಎಂದರು ಮಾವ, ಬೆಂಚಿಗೆಲ್ಲ ಕೇಳಿಸುವ ಹಾಗೆ.

ಅಂದು ಸಂಜೆ ಮಾವ ಮನೆಗೆ ಬಂದಾಗ ಪುಟ್ಟಿಯ ಸ್ನಾನ ಆಗಷ್ಟೇ ಮುಗಿದಿತ್ತು. ಈಗ ಅವಳಿಗೆ ಉಗುರುಬೆಚ್ಚಗಿನ ನೀರಲ್ಲಿ ಬೇಗ ಮುಗಿಯುವ ಸ್ನಾನ, ಘಮಘಮ ಪೌಡರ್ ಇಲ್ಲ, ಮೆತ್ತನೆಯ ಹತ್ತಿ ಬಟ್ಟೆ, ಚಿಕ್ಕದಾಗಿ ಕತ್ತರಿಸಿದ ಉಗುರು. ಮೊಣಕೈಯ ಒರಟು ಬಹಳ ಮಟ್ಟಿಗೆ ಇಳಿದಿತ್ತು. ಸೊಸೆ ಟವೆಲ್ಲಿನಲ್ಲಿ ಸುತ್ತಿದ ಮಗುವನ್ನು ತಂದು ಮಾವನ ಮುಂದೆ ನಿಂತಳು, ಜೆಲ್ಲಿಯ ಡಬ್ಬಿಯ ಮುಚ್ಚಳ ತೆಗೆದಳು.

"ಮಾವ, ಮೈ ಒದ್ದೆ ಇದ್ದಾಗ್ಲೇ ಹಚ್ಚಬೇಕಂತೆ. ನೀವೇ ಹಚ್ಚಿ."

ಮಾವ ಎರಡೂ ಕೈ ಮೇಲೆತ್ತಿ ತಮಾಷೆಗಿಳಿದರು. "ಯಾವ ಕೈಲಮ್ಮ?"

"ಎರಡೂ ಕೈಲಿ," ಎಂದಳು ಸೊಸೆ.

ಮಾವ ಕೂತರು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಎರಡೂ ಅಂಗೈಯಲ್ಲಿ ಜೆಲ್ಲಿ ಸವರಿಕೊಂಡು, ಕೆನ್ನೆಯಿಂದ ಹಿಡಿದು ಮಂಡಿಯ ಹಿಂದಿನವರೆಗೂ ನಿಧಾನವಾಗಿ ಹಚ್ಚಿದರು. ಪುಟ್ಟಿ ಅಳಲಿಲ್ಲ. ಮಾವನ ಹೆಬ್ಬೆರಳನ್ನು ಹಿಡಿದುಕೊಂಡು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿದ್ದಳು. ಯಾರೂ ಬೇಡ ಎನ್ನಲಿಲ್ಲ.

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ಈಗ ನಿಮ್ಮ ಕೈ ನೋಡಿಕೊಳ್ಳಿ. ನೀವು ಪಾತ್ರೆ ತೊಳೆಯುವವರಿರಬಹುದು, ಸಿಮೆಂಟು ಕಲೆಸುವವರಿರಬಹುದು, ಗ್ಯಾರೇಜಿನಲ್ಲಿ ಪೆಟ್ರೋಲಿನಿಂದ ಕೈ ತೊಳೆಯುವವರಿರಬಹುದು. ಒಣಗಿ, ತುರಿಸಿ, ಬಿರುಕು ಬಿಟ್ಟಿದ್ದರೆ ಬಚ್ಚಿಡಬೇಡಿ. ಮನೆಯಲ್ಲಿ ಯಾರಿಗಾದರೂ ಇಸುಬು ಇದ್ದರೆ ಅವರನ್ನು ದೂರ ಕೂರಿಸಬೇಡಿ. ಉರಿಸುವ ಮದ್ದು, ಚೀಟಿಯಿಲ್ಲದ ಟ್ಯೂಬು ಎರಡನ್ನೂ ಬಿಡಿ. ಕೀವು ಬಂದರೆ, ಹಳದಿ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ ತಡಮಾಡಬೇಡಿ. ಮುಖ ಊದಿ ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ. ಉಳಿದವರು ನಾಳೆ ಬೆಳಿಗ್ಗೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಮಾವನ ಹಾಗೆ ಚೌಕಾಸಿ ಮಾಡದೆ ಎರಡೂ ಕೈ ತೋರಿಸಿ.